ತೋಟದಲ್ಲಿ ಒಂದು ಬಾಟಲಿ ಮಾರಲು ಸ್ವೀಡನ್ ಇಷ್ಟೇಕೆ ಹಿಂಜರಿಯಿತು?

2025ರ ಜೂನ್ 1ರಂದು ಸ್ವೀಡನ್‌ನಲ್ಲಿ ಹೊಸದೊಂದು ಕಾನೂನು ಜಾರಿಗೆ ಬಂತು. ಸಣ್ಣ ಪ್ರಮಾಣದಲ್ಲಿ ವೈನ್, ಬಿಯರ್ ಅಥವಾ ಸ್ಪಿರಿಟ್ ತಯಾರಿಸುವವರು ತಮ್ಮಲ್ಲಿಗೆ ಬಂದವರಿಗೆ ಅಲ್ಲೇ ಬಾಟಲಿ ಮಾರಬಹುದು. ಷರತ್ತುಗಳು ಮಾತ್ರ ಓದಿದವರಿಗೆ ನಗು ತರಿಸುವಂತಿವೆ. ಗಿರಾಕಿ ಮೊದಲು ದುಡ್ಡು ಕೊಟ್ಟು ಆ ತೋಟವನ್ನೋ ಭಟ್ಟಿಯನ್ನೋ ಸುತ್ತಿ ನೋಡಬೇಕು, ಇಲ್ಲವೇ ಆ ಪಾನೀಯದ ಬಗ್ಗೆ ಒಂದು ಉಪನ್ಯಾಸ ಕೇಳಬೇಕು. ಆಮೇಲೆ ಒಬ್ಬರಿಗೆ ಸಿಗುವುದು ಗರಿಷ್ಠ 3 ಲೀಟರ್ ವೈನ್, 3 ಲೀಟರ್ ಬಿಯರ್. ಸ್ಪಿರಿಟ್ ಆದರೆ 0.7 ಲೀಟರ್, ಅಂದರೆ ಒಂದೇ ಬಾಟಲಿ. ಮಾರುವವರಿಗೆ ಸ್ಥಳೀಯ ಪುರಸಭೆಯ ಪರವಾನಗಿ ಬೇಕು. ಇಷ್ಟಾದ ಮೇಲೂ ಇದು ಆರು ವರ್ಷದ ಪ್ರಯೋಗವಷ್ಟೇ.

ಇದಕ್ಕಾಗಿ ಅಲ್ಲಿನ ಸರ್ಕಾರಗಳು ವರ್ಷಗಟ್ಟಲೆ ಸಮಿತಿಯ ಮೇಲೆ ಸಮಿತಿ ಮಾಡಿದ್ದವು. ವ್ಯಕ್ತಿಸ್ವಾತಂತ್ರ್ಯದ ವಿಷಯದಲ್ಲಿ ಜಗತ್ತಿಗೇ ಪಾಠ ಹೇಳುವ ದೇಶ ಒಂದು ಬಾಟಲಿ ವೈನ್ ಮಾರಲು ಇಷ್ಟು ಅಳೆದು ಸುರಿದು ನೋಡುವುದೇಕೆ ಎಂದು ಹೊರಗಿನವರಿಗೆ ಅನಿಸುವುದು ಸಹಜ. ಮಡಿವಂತಿಕೆ ಎಂದು ಕೆಲವರು ಹೇಳುತ್ತಾರೆ, ಅಬಕಾರಿ ಆದಾಯದ ಆಸೆ ಎಂದು ಇನ್ನು ಕೆಲವರು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಜಗಳದ ಬೇರು ಇರುವುದು 1850ರ ದಶಕದಲ್ಲಿ. ಜನರಿಗೆ ಕುಡಿಸಿ ದುಡ್ಡು ಮಾಡುವ ಹಕ್ಕು ಯಾರಿಗಿರಬೇಕು ಎಂದು ಸ್ವೀಡನ್ ಆಗ ಕೇಳಿಕೊಂಡಿತು. ಕಂಡುಕೊಂಡ ಉತ್ತರವನ್ನೇ ಇಂದಿಗೂ ಹಿಡಿದುಕೊಂಡಿದೆ.

ಈಗಿನ ಏರ್ಪಾಟು

ಸ್ವೀಡನ್‌ನಲ್ಲಿ ಶೇ 3.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಯಾವ ಪಾನೀಯವನ್ನೂ ಮನೆಗೆ ಒಯ್ಯಲು ಒಂದೇ ಕಡೆ ಕೊಳ್ಳಬೇಕಿತ್ತು: ಸರ್ಕಾರಿ ಒಡೆತನದ 'ಸಿಸ್ಟಂಬೊಲಾಗೆಟ್' ಅಂಗಡಿಗಳಲ್ಲಿ. ಇಪ್ಪತ್ತು ವರ್ಷ ತುಂಬಿರಬೇಕು. ಶನಿವಾರ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೇ ಬಾಗಿಲು, ಭಾನುವಾರ ಪೂರ್ತಿ ರಜೆ. ಸ್ಟಾಕ್‌ಹೋಮ್‌ಗೋ ಗೋಥೆನ್‌ಬರ್ಗ್‌ಗೋ ಕೆಲಸಕ್ಕೆ ಹೋದ ಬೆಂಗಳೂರಿನ ಎಂಜಿನಿಯರುಗಳು ಮೊದಲ ಶನಿವಾರ ಸಂಜೆಯೇ ಕಲಿಯುವ ಪಾಠ ಇದು. 'ಎರಡು ಕೊಂಡರೆ ಒಂದು ಉಚಿತ' ಅಲ್ಲಿಲ್ಲ. ತಣ್ಣಗಿಟ್ಟ ಬಿಯರ್ ಕೂಡ ಇಲ್ಲ, ಅಂದರೆ ಕೊಂಡ ಕೂಡಲೇ ಕುಡಿಯುವ ಆಸೆ ಹುಟ್ಟಿಸಬಾರದು. ಲಾಭ ಮಾಡುವುದು ಅಂಗಡಿಯ ಉದ್ದೇಶವಲ್ಲ ಎಂಬುದೇ ಅದರ ಹೆಮ್ಮೆ.

ಕರ್ನಾಟಕದ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಹೇಳಬೇಕು. ನಮ್ಮಲ್ಲಿ 2003ರಿಂದ ಮದ್ಯದ ಸಗಟು ವ್ಯಾಪಾರ ಸರ್ಕಾರಿ ನಿಗಮದ ಕೈಯಲ್ಲಿದೆ, ಚಿಲ್ಲರೆ ಬಹುಪಾಲು ಖಾಸಗಿ. ಸ್ವೀಡನ್‌ನಲ್ಲಿ ಇದಕ್ಕೆ ತದ್ವಿರುದ್ಧ. 1995ರ ನಂತರ ತಯಾರಿಕೆ, ಆಮದು, ಸಗಟು ಎಲ್ಲವೂ ಖಾಸಗಿಗೆ ಮುಕ್ತ. ಗಿರಾಕಿಯ ಎದುರು ನಿಲ್ಲುವ ಕೊನೆಯ ಕೌಂಟರ್ ಮಾತ್ರ ಸರ್ಕಾರದ್ದು. ಪ್ರಲೋಭನೆ ಹುಟ್ಟುವುದು ಆ ಕೌಂಟರಿನಲ್ಲೇ ಎಂಬ ನಂಬಿಕೆ ಇದರ ಹಿಂದಿದೆ. ಅದು ಎಲ್ಲಿಂದ ಬಂತು ಎಂಬುದು ಗೊತ್ತಾಗಲು ಇನ್ನೂರು ವರ್ಷ ಹಿಂದೆ ಹೋಗಬೇಕು.

ಊರ ತುಂಬ ಭಟ್ಟಿ

1829ರಲ್ಲಿ ಸ್ವೀಡನ್‌ನಲ್ಲಿ ದಾಖಲಾಗಿದ್ದ ಭಟ್ಟಿಗಳ ಸಂಖ್ಯೆ 1,73,000ಕ್ಕೂ ಹೆಚ್ಚು. ದೇಶದ ಜನಸಂಖ್ಯೆ ಆಗ ಸುಮಾರು 29 ಲಕ್ಷ. ಹೆಂಗಸರು, ಮಕ್ಕಳು, ಮುದುಕರು ಎಲ್ಲರನ್ನೂ ಸೇರಿಸಿದರೂ ಹದಿನೇಳು ಜನರಿಗೆ ಒಂದು ಭಟ್ಟಿ. ಇಳಿಸುತ್ತಿದ್ದುದು 'ಬ್ರೆನ್‌ವಿನ್' ಎಂಬ ಸ್ಪಿರಿಟ್, ನಮ್ಮ ಸಾರಾಯಿಯ ಜಾತಿಯದು. ಮೊದಲು ಧಾನ್ಯದಿಂದ, ಆಮೇಲೆ ಹೆಚ್ಚಾಗಿ ಆಲೂಗಡ್ಡೆಯಿಂದ. ಆಲೂಗಡ್ಡೆಯಿಂದ ಹಿಟ್ಟು, ಸ್ಪಿರಿಟ್ ಮಾಡುವುದರ ಬಗ್ಗೆ ಬರೆದ ಕೌಂಟೆಸ್ ಇವಾ ಎಕೆಬ್ಲಾಡ್ 1748ರಲ್ಲಿ ಸ್ವೀಡನ್‌ನ ರಾಯಲ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ. ಧಾನ್ಯ ಉಳಿದರೆ ಬರಗಾಲ ತಪ್ಪುತ್ತದೆ ಎಂಬುದು ಲೆಕ್ಕಾಚಾರವಾಗಿತ್ತು. ಧಾನ್ಯ ಉಳಿಯಿತೋ ಇಲ್ಲವೋ, ಹತ್ತೊಂಬತ್ತನೇ ಶತಮಾನದ ಮೊದಲಾರ್ಧದ ಹೊತ್ತಿಗೆ ಸ್ಪಿರಿಟ್ ಮಾತ್ರ ಅಗ್ಗವಾಗಿತ್ತು.

ಇಷ್ಟು ಭಟ್ಟಿಗಳಿದ್ದುದಕ್ಕೆ ಜನರ ಚಟವನ್ನಷ್ಟೇ ದೂರಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಮೂರನೇ ಗುಸ್ತಾವ್ ದೊರೆ 1775ರಲ್ಲಿ ಭಟ್ಟಿ ಇಳಿಸುವುದನ್ನು ರಾಜಸ್ವಾಮ್ಯಕ್ಕೆ ತಂದಿದ್ದ. ರೈತರು ಸಿಡಿದೆದ್ದರು, ಕಳ್ಳಭಟ್ಟಿ ಎಲ್ಲೆಡೆ ಹಬ್ಬಿತು, ಹತ್ತು ಹನ್ನೆರಡು ವರ್ಷದಲ್ಲಿ ದೊರೆ ಕೈಚೆಲ್ಲಿದ. ಆಮೇಲೆ ಭಟ್ಟಿ ಇಳಿಸುವುದು ಭೂಮಿಗೆ ಅಂಟಿದ ಹಕ್ಕಾಯಿತು. ಹೊಲ ಇದ್ದವನಿಗೆ ಭಟ್ಟಿಯೂ ಉಂಟು.

ಹೊಲದವನಿಗೆ ಅದು ಬೇಕೂ ಆಗಿತ್ತು. ರಸ್ತೆಗಳು ಕೆಟ್ಟವು, ರೈಲು ಇಲ್ಲ, ಮಾರುಕಟ್ಟೆ ದೂರ. ಗಾಡಿಗಟ್ಟಲೆ ಆಲೂಗಡ್ಡೆ ಸಾಗಿಸುವುದು ನಷ್ಟದ ಬಾಬ್ತು. ಅದೇ ಬೆಳೆ ನಾಲ್ಕಾರು ಪೀಪಾಯಿ ಸ್ಪಿರಿಟ್ ಆದರೆ ಕೆಡುವುದಿಲ್ಲ, ಸಾಗಿಸುವುದು ಸಲೀಸು, ಬೆಲೆಯೂ ಹೆಚ್ಚು. ಇಳಿಸಿ ಉಳಿದ ಗಸಿ ಹಸುಗಳಿಗೆ ಮೇವು. ಸ್ವೀಡನ್‌ನ ಉದ್ದನೆಯ ಚಳಿಗಾಲದಲ್ಲಿ ಕೊಟ್ಟಿಗೆಯ ದನ ಬದುಕುತ್ತಿದ್ದುದು ಎಷ್ಟೋ ಕಡೆ ಈ ಗಸಿಯಿಂದ. ದನ ಬದುಕಿದರೆ ಗೊಬ್ಬರ, ಗೊಬ್ಬರವಿದ್ದರೆ ಮುಂದಿನ ಬೆಳೆ. ಇಂಥ ಬೇಸಾಯದ ಚಕ್ರದಿಂದ ಭಟ್ಟಿಯನ್ನು ಕಿತ್ತರೆ ಇಡೀ ಚಕ್ರವೇ ನಿಲ್ಲುತ್ತಿತ್ತು.

ಹಾಗಾದರೆ ಕುಡಿದವರು ಯಾರು? ಎಲ್ಲರೂ. ಉಳ್ಳವರ ಮನೆಯಲ್ಲಿ ಊಟಕ್ಕೆ ಮುನ್ನ ಪಕ್ಕದ ಮೇಜಿನ ಮೇಲೆ ಬ್ರೆಡ್ಡು, ಚೀಸು, ಹೆರಿಂಗ್ ಮೀನಿನ ಜೊತೆ ಬ್ರೆನ್‌ವಿನ್ ಇಡುತ್ತಿದ್ದರು. ಇಂದು ಜಗತ್ಪ್ರಸಿದ್ಧವಾದ 'ಸ್ಮೊರ್ಗಸ್‌ಬೋರ್ಡ್' ಊಟದ ಮೂಲ ಅದೇ. ಆದರೆ ಹಳ್ಳಿಯ ಕೆಳಸ್ತರದಲ್ಲಿ ಕಥೆ ಬೇರೆ. 1750ರಿಂದ 1850ರ ನಡುವೆ ದೇಶದ ಜನಸಂಖ್ಯೆ ಸುಮಾರು ದುಪ್ಪಟ್ಟಾಗಿ 35 ಲಕ್ಷ ಮುಟ್ಟಿತ್ತು. ಹೊಲ ಅಷ್ಟು ಬೆಳೆಯಲಿಲ್ಲ. ಬೆಳೆದದ್ದು ಹೊಲವಿಲ್ಲದವರ ಸಂಖ್ಯೆ. 1827ರ ಭೂ ಹಂಚಿಕೆ ಕಾನೂನು ಚೂರುಚೂರಾಗಿದ್ದ ಹಿಡುವಳಿಗಳನ್ನು ಒಟ್ಟುಗೂಡಿಸಿತು. ಇಳುವರಿ ಹೆಚ್ಚಿತು, ಆದರೆ ಒತ್ತೊತ್ತಾಗಿ ಮನೆಗಳಿದ್ದ ಹಳೆಯ ಹಳ್ಳಿಗಳು ಚದುರಿದವು, ಊರಿನ ಗೋಮಾಳವನ್ನು ನೆಚ್ಚಿಕೊಂಡಿದ್ದ ಬಡವರ ಕಾಲ ಕೆಳಗಿನ ನೆಲ ಸರಿಯಿತು. ದೊಡ್ಡ ಎಸ್ಟೇಟುಗಳಲ್ಲಿ ವರ್ಷದ ಕರಾರಿನ ಮೇಲೆ ಸಂಸಾರ ಸಮೇತ ದುಡಿಯುವ 'ಸ್ಟಾತಾರೆ' ಎಂಬ ಆಳುಗಳ ವರ್ಗವೇ ಹುಟ್ಟಿಕೊಂಡಿತು. ಅವರಿಗೆ ಸಂಬಳದ ಬಹುಪಾಲು ಸಿಗುತ್ತಿದ್ದುದು ಕಾಳು, ಆಲೂಗಡ್ಡೆ, ಹಾಲು, ಮೀನಿನ ರೂಪದಲ್ಲಿ. ಕೆಲಸಗಾರರಿಗೆ ಕೂಲಿಯ ಒಂದು ಪಾಲಾಗಿ ಬ್ರೆನ್‌ವಿನ್ ಅಳೆದು ಕೊಡುವುದೂ ರೂಢಿಯಲ್ಲಿತ್ತು.

ಗಮನಿಸಬೇಕಾದ ಮಾತು ಇಲ್ಲಿದೆ. ಭಟ್ಟಿಯ ಹಕ್ಕು ಹೊಲದವನದು, ಹೊಲವಿಲ್ಲದವನು ಗಿರಾಕಿ. ದುಡಿಸಿಕೊಳ್ಳುವವನೇ ಕುಡಿಸುವವನು. ಕೊಟ್ಟ ಕೂಲಿ ಸುತ್ತಿ ಸುಳಿದು ಅದೇ ಮನೆಗೆ ವಾಪಸು.

ಬ್ರೆನ್‌ವಿನ್ ಕುಡಿತ ತಲೆಗೆ ವರ್ಷಕ್ಕೆ 40 ಲೀಟರ್ ದಾಟಿತ್ತು ಎಂದು ಪಾನವಿರೋಧಿಗಳು ಬಹಳ ಕಾಲ ಹೇಳುತ್ತ ಬಂದರು. ಇತಿಹಾಸಕಾರರಲ್ಲಿ ಹಲವರು ಈಗ ಅದನ್ನು ಉತ್ಪ್ರೇಕ್ಷೆ ಎನ್ನುತ್ತಾರೆ. ಅರ್ಧ ಕಳೆದರೂ ಉಳಿಯುವುದು ಕಡಿಮೆಯೇನಲ್ಲ.

1855: ಯಾರ ಗೆಲುವು?

ವಿರೋಧ ಮೊದಲು ಎದ್ದದ್ದು ಚರ್ಚಿನ ಪೀಠದಿಂದ. ಪೀಟರ್ ವೀಸೆಲ್‌ಗ್ರೆನ್ ಎಂಬ ಪಾದ್ರಿ ಊರೂರು ತಿರುಗಿ ಭಾಷಣ ಮಾಡಿದ. 1837ರಲ್ಲಿ ಸ್ವೀಡಿಷ್ ಪಾನಸಂಯಮ ಸಂಘ ಹುಟ್ಟಿತು. ಅಮೆರಿಕದ ಚಳವಳಿಗಾರ ರಾಬರ್ಟ್ ಬೇರ್ಡ್ ಅಲ್ಲಿಗೆ ಬಂದು ಹುರಿದುಂಬಿಸಿದ. 1842ರ ಶಾಲಾ ಕಾನೂನು ಪ್ರತಿ ಪ್ಯಾರಿಷ್‌ಗೂ ಶಾಲೆ ಕಡ್ಡಾಯ ಮಾಡಿತು. ಓದಲು ಬಲ್ಲ ಜನ ಮೊದಲೇ ಇದ್ದರು, ಕರಪತ್ರಗಳು ಹಳ್ಳಿಯ ಮೂಲೆಮೂಲೆ ತಲುಪಿದವು. ಪಾದ್ರಿಗಳು ಪಾಪ ಎಂದದ್ದನ್ನು ವೈದ್ಯರು ಕಾಯಿಲೆ ಎಂದರು. ಸ್ಟಾಕ್‌ಹೋಮ್‌ನ ಆಸ್ಪತ್ರೆಯಲ್ಲಿ ಕುಡುಕ ರೋಗಿಗಳ ನರ, ಹೊಟ್ಟೆ, ಯಕೃತ್ತುಗಳನ್ನು ವರ್ಷಗಟ್ಟಲೆ ನೋಡಿದ್ದ ಡಾಕ್ಟರ್ ಮಾಗ್ನುಸ್ ಹುಸ್ 1849ರಲ್ಲಿ ಈ ಕಾಯಿಲೆಗೆ ಒಂದು ಹೆಸರಿಟ್ಟ. ಇಂದು ಜಗತ್ತೆಲ್ಲ ಬಳಸುವ 'ಆಲ್ಕೋಹಾಲಿಸಂ' ಅದೇ.

ಉಪದೇಶ, ವೈದ್ಯಶಾಸ್ತ್ರ ಎರಡೇ ಇದ್ದಿದ್ದರೆ ಕಾನೂನು ಬರುತ್ತಿತ್ತೇ ಎಂಬುದು ಅನುಮಾನ. ಆಗಿನ ಸಂಸತ್ತಿನಲ್ಲಿ ನಾಲ್ಕು ವರ್ಗಗಳ ಪ್ರತಿನಿಧಿಗಳು ಬೇರೆಬೇರೆ ಕೂರುತ್ತಿದ್ದರು: ಕುಲೀನರು, ಪಾದ್ರಿಗಳು, ಪಟ್ಟಣದ ವರ್ತಕರು, ರೈತರು. ಇವರಲ್ಲಿ ಅನೇಕರಿಗೆ ಭಟ್ಟಿಯೇ ಆದಾಯ. ಅವರ ಮನಸ್ಸು ಬದಲಾಯಿಸಿದ್ದು ಮಾರುಕಟ್ಟೆ. 1846ರಲ್ಲಿ ಬ್ರಿಟನ್ ಧಾನ್ಯ ಕಾನೂನುಗಳನ್ನು ರದ್ದುಮಾಡಿ ಆಮದಿಗೆ ಬಾಗಿಲು ತೆರೆಯಿತು. ಲಂಡನ್ನಿನ ಸಾರೋಟಿನ ಕುದುರೆಗಳಿಗೆ ಓಟ್ಸ್ ಬೇಕಿತ್ತು, ಪಶ್ಚಿಮ ಸ್ವೀಡನ್‌ನ ಹೊಲಗಳಿಂದ ಅದು ಹಡಗು ಹಡಗಾಗಿ ಹೊರಟಿತು. 1856ರಲ್ಲಿ ಸರ್ಕಾರಿ ರೈಲಿನ ಮೊದಲ ಹಳಿಗಳು ತೆರೆದವು. ಬೆಳೆಯನ್ನು ಬೆಳೆಯಾಗಿಯೇ ಮಾರಿ ದುಡ್ಡು ನೋಡಬಹುದು ಎಂದಾದಾಗ ಭಟ್ಟಿಯ ಮೇಲಿನ ಮೋಹ ತಾನಾಗಿ ಸಡಿಲವಾಯಿತು. ಇನ್ನೊಂದು ಕಡೆ ಉಗಿ ಯಂತ್ರದ ದೊಡ್ಡ ಭಟ್ಟಿಗಳು ಬಂದಿದ್ದವು, ಅವುಗಳ ಮಾಲೀಕರಿಗೆ ಸಣ್ಣವರು ಬಾಗಿಲು ಹಾಕುವುದೇ ಬೇಕಿತ್ತು.

1853–54ರ ಅಧಿವೇಶನದಲ್ಲಿ ಒಪ್ಪಿಗೆಯಾದ ಕಾನೂನು 1855ರಲ್ಲಿ ಜಾರಿಗೆ ಬಂತು. ತೆರಿಗೆ ಏರಿತು, ದೊಡ್ಡ ಪ್ರಮಾಣದಲ್ಲಿ ಇಳಿಸುವವರಷ್ಟೇ ಉಳಿಯುವಂತಾಯಿತು. 1860ರ ಹೊತ್ತಿಗೆ ಮನೆಭಟ್ಟಿ ಕಾನೂನಿನ ಪ್ರಕಾರ ಪೂರ್ತಿ ಮುಗಿದಿತ್ತು. ಲಕ್ಷದ ಲೆಕ್ಕದಲ್ಲಿದ್ದ ಭಟ್ಟಿಗಳು ನೂರರ ಲೆಕ್ಕಕ್ಕೆ ಇಳಿದವು. ಬೆಲೆ ಏರಿತು, ಕುಡಿತ ಇಳಿಯಿತು. ಪಾನವಿರೋಧಿಗಳು ಇದನ್ನು ತಮ್ಮ ಜಯ ಎಂದರು. ದಕ್ಷಿಣದ ಸ್ಕೋನೆ ಪ್ರಾಂತದ ದೊಡ್ಡ ಭೂಮಾಲೀಕರು ಬಾಯಿ ಬಿಟ್ಟು ಹೇಳದಿದ್ದರೂ ಅದು ಅವರ ಜಯವೂ ಹೌದು. ಸ್ಪಿರಿಟ್ ಉದ್ಯಮ ಅವರ ಕೈಸೇರಿತು. ತನ್ನ ಬೆಳೆಯನ್ನು ತಾನೇ ಇಳಿಸಿ ಮಾರುತ್ತಿದ್ದ ಸಣ್ಣ ರೈತ ಹಕ್ಕು ಕಳಕೊಂಡ. 2025ರ ಕಾನೂನಿನ ಸುತ್ತ 'ಹಕ್ಕು ಮರಳಿ ಬಂತು' ಎಂಬ ಮಾತು ಗ್ರಾಮೀಣ ಸ್ವೀಡನ್‌ನಲ್ಲಿ ಅಷ್ಟು ಭಾವುಕವಾಗಿ ಕೇಳಿಬರುವುದಕ್ಕೆ ಕಾರಣ ಹುಡುಕುವವರು ಇಲ್ಲಿಗೇ ಬರಬೇಕು.

ಅದೇ ಕಾನೂನಿನ ಇನ್ನೊಂದು ತುಂಡು: ತಮ್ಮ ವ್ಯಾಪ್ತಿಯಲ್ಲಿ ಮದ್ಯದಂಗಡಿ ಬೇಕೇ ಬೇಡವೇ ಎಂದು ನಿರ್ಧರಿಸುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಬಂತು. ಕೇಳಲು ಪ್ರಜಾಸತ್ತೆಯ ಹಾಗಿದೆ. ಆದರೆ 1862ರ ಪುರಸಭಾ ಕಾನೂನಿನಲ್ಲಿ ಮತಗಳನ್ನು ಆಸ್ತಿ, ಆದಾಯದ ಮೇಲೆ ಲೆಕ್ಕ ಹಾಕುತ್ತಿದ್ದರು. ಸ್ವಂತ ಆಸ್ತಿಯಿದ್ದು ತೆರಿಗೆ ಕಟ್ಟುವ ಅವಿವಾಹಿತ ಹೆಂಗಸಿಗೂ ಮತವಿತ್ತು, ಆಸ್ತಿಯಿಲ್ಲದ ಗಂಡಸಿಗೆ ಇರಲಿಲ್ಲ. 1871ರಲ್ಲಿ 54 ಗ್ರಾಮೀಣ ಪುರಸಭೆಗಳಲ್ಲಿ ಒಬ್ಬನೇ ಒಬ್ಬ ಮತದಾರನ ಬಳಿ ಅರ್ಧಕ್ಕಿಂತ ಹೆಚ್ಚು ಮತಗಳಿದ್ದವು! ಅಂಥ ಕಡೆ 'ಊರಿನ ತೀರ್ಮಾನ' ಅಂದರೆ ಊರ ಗೌಡನ ತೀರ್ಮಾನ.

ಗೋಥೆನ್‌ಬರ್ಗ್ ಕಂಡುಹಿಡಿದ ಉಪಾಯ

ಹಳ್ಳಿಯ ಭಟ್ಟಿ ನಿಂತರೂ ಪಟ್ಟಣದ ಹೆಂಡದಂಗಡಿ ನಿಲ್ಲಲಿಲ್ಲ. ಗಣಿಗಳ ಊರು ಫಾಲುನ್‌ನಲ್ಲಿ 1850ರಲ್ಲೇ ಹೊಸದೊಂದು ಪ್ರಯೋಗ ನಡೆದಿತ್ತು. ಊರಿನ ಪ್ರಮುಖರೇ ಒಂದು ಕಂಪನಿ ಮಾಡಿ, ಮದ್ಯ ಮಾರಾಟವನ್ನೆಲ್ಲ ಅದಕ್ಕೆ ವಹಿಸಿ, ಲಾಭವನ್ನು ಊರಿನ ಕೆಲಸಕ್ಕೆ ಬಿಟ್ಟಿದ್ದರು. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಬಂದರು ನಗರ ಗೋಥೆನ್‌ಬರ್ಗ್. ಕಾರ್ಮಿಕರ ಬಡತನಕ್ಕೆ ಕಾರಣ ಹುಡುಕಲು 1864ರಲ್ಲಿ ಅಲ್ಲೊಂದು ಸಮಿತಿ ಕೂತಿತ್ತು. ಪತ್ರಿಕಾ ಸಂಪಾದಕ ಎಸ್. ಎ. ಹೆಡ್‌ಲುಂಡ್ ಅದರಲ್ಲಿ ಮುಂದಿದ್ದ. 1865ರ ಅಕ್ಟೋಬರ್‌ನಲ್ಲಿ ನಗರದ ಮದ್ಯದ ಪರವಾನಗಿಗಳನ್ನು ಒಂದು ಹೊಸ ಕಂಪನಿ ವಹಿಸಿಕೊಳ್ಳತೊಡಗಿತು.

ಅದರ ಒಳಗಿನ ಲೆಕ್ಕ ಬಹಳ ಜಾಣತನದ್ದು. ಷೇರುದಾರರಿಗೆ ಸಣ್ಣದೊಂದು ನಿಗದಿತ ಬಡ್ಡಿಯಷ್ಟೇ, ಉಳಿದ ಲಾಭ ನಗರದ ಖಜಾನೆಗೆ. ಪಾನಗೃಹದ ವ್ಯವಸ್ಥಾಪಕನಿಗೆ ಸ್ಪಿರಿಟ್ ಎಷ್ಟು ಮಾರಿದರೂ ಒಂದು ಕಾಸು ಕಮಿಷನ್ ಇಲ್ಲ. ಊಟ, ಕಾಫಿ ಮಾರಿದರೆ ಲಾಭ ಅವನದು. ಸಾಲಕ್ಕೆ ಕುಡಿಸುವಂತಿಲ್ಲ. ಹೀಗಾಗಿ ಗಿರಾಕಿಗೆ ಇನ್ನೊಂದು ಗ್ಲಾಸ್ ಸುರಿಯುವುದಕ್ಕಿಂತ ಒಂದು ತಟ್ಟೆ ಊಟ ಬಡಿಸುವುದೇ ವ್ಯವಸ್ಥಾಪಕನಿಗೆ ಲಾಭ. ಕುಡಿತವನ್ನು ನಿಷೇಧಿಸದೆ, ಕುಡಿಸುವ ಆಸೆಯನ್ನಷ್ಟೇ ತೆಗೆಯುವ ಈ ಏರ್ಪಾಟು 'ಗೋಥೆನ್‌ಬರ್ಗ್ ಪದ್ಧತಿ' ಎಂದು ಹೆಸರಾಯಿತು. ನಾರ್ವೆ ಅನುಸರಿಸಿತು. ಜೋಸೆಫ್ ಚೇಂಬರ್ಲೇನ್ 1877ರಲ್ಲಿ ಇದನ್ನು ಬ್ರಿಟಿಷ್ ಸಂಸತ್ತಿನ ಮುಂದಿಟ್ಟ, ಅಲ್ಲಿ ಗೆಲ್ಲಲಿಲ್ಲ.

ತೂತುಗಳೂ ಇದ್ದವು. ಬಿಯರ್ ಈ ಏರ್ಪಾಟಿನ ಹೊರಗಿತ್ತು, ಜನ ಬಿಯರ್ ಕಡೆ ತಿರುಗಿದರು. 1877ರಲ್ಲಿ ಸ್ಟಾಕ್‌ಹೋಮ್ ಇದನ್ನು ಅಳವಡಿಸಿಕೊಂಡಾಗ 'ಬ್ರೆನ್‌ವಿನ್ ದೊರೆ' ಎಂದೇ ಹೆಸರಾಗಿದ್ದ ಎಲ್. ಓ. ಸ್ಮಿತ್ ರಂಗೋಲಿ ಕೆಳಗೆ ತೂರಿದ. ನಗರದ ಗಡಿಯಾಚೆಯ ದ್ವೀಪದಲ್ಲಿ ಅಂಗಡಿ ತೆರೆದು ಗಿರಾಕಿಗಳಿಗೆ ಪುಕ್ಕಟೆ ದೋಣಿ ಬಿಟ್ಟ. 1879ರಲ್ಲಿ ಅವನು ತಂದ ಶುದ್ಧೀಕರಿಸಿದ ಸ್ಪಿರಿಟ್‌ನ ಹೆಸರೇ ಇಂದಿನ ಅಬ್ಸಲೂಟ್ ವೋಡ್ಕಾದ ಮೂಲ.

ದೊಡ್ಡ ತೂತು ಬೇರೆಯೇ ಇತ್ತು. ಖಾಸಗಿಯವನ ಆಸೆಯನ್ನು ತೆಗೆದರು ನಿಜ, ಆದರೆ ನಗರಸಭೆಗೆ ಆಸೆ ಹುಟ್ಟಿತು. ಮದ್ಯದ ಲಾಭದಿಂದ ಉಳ್ಳವರ ತೆರಿಗೆ ಹಗುರವಾಗುತ್ತಿದೆ, ಕಾರ್ಮಿಕನ ಗ್ಲಾಸಿನಿಂದ ಊರಿನ ಬೀದಿದೀಪ ಉರಿಯುತ್ತಿದೆ ಎಂಬ ಟೀಕೆ ಬೇಗನೆ ಎದ್ದಿತು. ಪ್ರತಿ ಬಜೆಟ್‌ನಲ್ಲೂ ಅಬಕಾರಿ ಆದಾಯದ ಗುರಿ ಏರಿಸುತ್ತ ಹೋಗುವ ಕರ್ನಾಟಕದಲ್ಲಿ ಈ ಟೀಕೆಗೆ ಟಿಪ್ಪಣಿ ಬೇಕಿಲ್ಲ.

ಮುಂದಿನ ಅಧ್ಯಾಯಗಳನ್ನು ಬೇಗ ಹೇಳಿಬಿಡಬಹುದು. 1910ರ ದಶಕದಲ್ಲಿ ವೈದ್ಯ ಇವಾನ್ ಬ್ರಾಟ್ ಮದ್ಯಕ್ಕೆ ಪಡಿತರ ಪುಸ್ತಕ ತಂದ. 1922ರ ಜನಮತಗಣನೆಯಲ್ಲಿ ಪೂರ್ಣ ಪಾನನಿಷೇಧ ಶೇ 51–49ರ ಅಂತರದಲ್ಲಿ ಕೂದಲೆಳೆಯಲ್ಲಿ ಸೋತಿತು. ಹೆಂಗಸರಲ್ಲಿ ಸುಮಾರು ಶೇ 59ರಷ್ಟು ಪರ, ಗಂಡಸರಲ್ಲಿ ಹೆಚ್ಚುಕಡಿಮೆ ಅಷ್ಟೇ ಮಂದಿ ವಿರೋಧ. 1955ರಲ್ಲಿ ಪಡಿತರ ಹೋಗಿ, ಊರೂರಿನ ಕಂಪನಿಗಳು ಒಂದಾಗಿ ಸಿಸ್ಟಂಬೊಲಾಗೆಟ್ ಆಯಿತು. ಫಾಲುನ್‌ನ ಗಣಿ ಊರಿನ ಉಪಾಯವೇ ಹೆಸರು ಬದಲಿಸಿ ಇಡೀ ದೇಶಕ್ಕೆ ಹರಡಿತು.

ಯುರೋಪಿನ ಗಂಟು

ತೋಟದ ಮಾರಾಟವನ್ನು ಇಷ್ಟು ವರ್ಷ ತಡೆದದ್ದು ಪಾನವಿರೋಧಿಗಳಿಗಿಂತ ಹೆಚ್ಚಾಗಿ ಕಾನೂನು ತಜ್ಞರು. 1995ರಲ್ಲಿ ಸ್ವೀಡನ್ ಯುರೋಪಿಯನ್ ಒಕ್ಕೂಟ ಸೇರಿತು. ಒಕ್ಕೂಟದ ಮೂಲ ನಿಯಮ: ಯಾವ ಸದಸ್ಯ ದೇಶದ ಸರಕಿಗೂ ಅಡ್ಡಿ ಮಾಡಬಾರದು. ಸರ್ಕಾರಿ ಏಕಸ್ವಾಮ್ಯ ಇದಕ್ಕೆ ವಿರುದ್ಧ ಎಂಬ ಮೊಕದ್ದಮೆಯಲ್ಲಿ 1997ರಲ್ಲಿ ಯುರೋಪಿನ ನ್ಯಾಯಾಲಯ ಸಿಸ್ಟಂಬೊಲಾಗೆಟ್ ಪರ ತೀರ್ಪು ಕೊಟ್ಟಿತು. ಅಂಗಡಿ ಇರುವುದು ಸಾರ್ವಜನಿಕ ಆರೋಗ್ಯಕ್ಕಾಗಿ, ಮತ್ತು ಅದು ಸ್ವೀಡನ್ ಸರಕು, ಇಟಲಿ ಸರಕು ಎಂದು ಭೇದ ಮಾಡುವುದಿಲ್ಲ. ಈ ಎರಡು ಕಾಲಿನ ಮೇಲೆ ಏಕಸ್ವಾಮ್ಯ ನಿಂತಿದೆ.

ತೋಟದ ಮಾರಾಟ ಈ ಎರಡೂ ಕಾಲುಗಳನ್ನು ಅಲುಗಿಸುತ್ತದೆ. ಸ್ಕೋನೆಯ ದ್ರಾಕ್ಷಿ ಬೆಳೆಗಾರ ತನ್ನ ಅಂಗಳದಲ್ಲಿ ಮಾರಬಹುದು, ಟಸ್ಕನಿಯ ಬೆಳೆಗಾರನಿಗೆ ಸ್ವೀಡನ್‌ನಲ್ಲಿ ಅಂಗಳವೇ ಇಲ್ಲ. ಇದು ಭೇದವಲ್ಲವೇ? ಆರೋಗ್ಯದ ಮಾತಾದರೆ, ಸರ್ಕಾರಿ ಕೌಂಟರ್‌ನಲ್ಲಿ ಅಪಾಯಕಾರಿಯಾದ ಬಾಟಲಿ ತೋಟದಲ್ಲಿ ಹೇಗೆ ನಿರಪಾಯ? ಪ್ರಮಾಣದ ಮಿತಿ, ಆರು ವರ್ಷದ ಗಡುವು ಎಲ್ಲವೂ ಇದಕ್ಕೆ ಕಟ್ಟಿದ ತಡೆಗೋಡೆಗಳು. ಆ ಉಪನ್ಯಾಸದ ಷರತ್ತೂ ಅಷ್ಟೆ. ಮಾರುತ್ತಿರುವುದು ಮದ್ಯವಲ್ಲ, ಪ್ರವಾಸದ ಅನುಭವ. ಬಾಟಲಿ ಅದರ ನೆನಪಿನ ಕಾಣಿಕೆ ಎಂದು ನ್ಯಾಯಾಲಯದ ಮುಂದೆ ವಾದಿಸಲು ಬೇಕಾದ ಆಧಾರ. ತಮಾಷೆಯಾಗಿ ಕಾಣುವುದು ವಾಸ್ತವದಲ್ಲಿ ವಕೀಲರ ಕೈಚಳಕ.

ಯಾರ ವಾದ ಏನು

ರೈತರ ಸಂಘದಿಂದ ಬೆಳೆದು ಬಂದ ಸೆಂಟರ್ ಪಕ್ಷ ಮೊದಲಿನಿಂದಲೂ ಇದರ ಪರ. ಹಳ್ಳಿಗೆ ಪ್ರವಾಸಿ ಬಂದರೆ ಹೋಟೆಲು, ಊಟ, ಉದ್ಯೋಗ ಎಲ್ಲ ಬರುತ್ತದೆ ಎಂಬುದು ಪರವಾದಿಗಳ ಲೆಕ್ಕ. ಚಳಿ ತಾಳುವ ತಳಿಗಳು ಬಂದ ಮೇಲೆ ದಕ್ಷಿಣ ಸ್ವೀಡನ್‌ನಲ್ಲಿ ದ್ರಾಕ್ಷಿತೋಟಗಳು ಹೆಚ್ಚಿವೆ. ಅಂಥವರ ಸಣ್ಣ ಉತ್ಪಾದನೆಗೆ ಸರ್ಕಾರಿ ಅಂಗಡಿಯ ಕಪಾಟಿನಲ್ಲಿ ದೊಡ್ಡ ಕಂಪನಿಗಳ ಜೊತೆ ಸೆಣಸುವುದು ಕಷ್ಟ.

ಐಒಜಿಟಿ-ಎನ್‌ಟಿಓ ಮುಂತಾದ ಪಾನಸಂಯಮ ಸಂಘಗಳು ಹೇಳುವುದು: ತೋಟದಲ್ಲಿ ಮಾರಿದ ಮೂರು ಲೀಟರ್‌ನಿಂದ ಯಾರೂ ಸಾಯುವುದಿಲ್ಲ, ಆದರೆ ಮದ್ಯದಿಂದ ಖಾಸಗಿ ಲಾಭ ಕೂಡದು ಎಂಬ ತತ್ವಕ್ಕೆ ಒಮ್ಮೆ ವಿನಾಯಿತಿ ಕೊಟ್ಟರೆ ಮುಂದಿನ ವಿನಾಯಿತಿ ಕೇಳಲು ಸೂಪರ್‌ಮಾರ್ಕೆಟ್‌ಗಳು ಸಾಲಿನಲ್ಲಿ ನಿಂತಿವೆ. ನೆರೆಯ ಫಿನ್ಲೆಂಡ್ 2024ರಲ್ಲಿ ದಿನಸಿ ಅಂಗಡಿಗಳಿಗೆ ಶೇ 8ರವರೆಗಿನ ಹುದುಗಿಸಿದ ಪಾನೀಯ ಮಾರಲು ಬಿಟ್ಟದ್ದನ್ನು ನೋಡಿದರೆ ಈ ಭಯ ತೀರಾ ಹುಸಿಯಲ್ಲ.

ನನಗೆ ಕಾಣುವಂತೆ ತೋಟದ ಬಾಟಲಿಗಿಂತ ದೊಡ್ಡ ಸೋರಿಕೆ ಬೇರೆಡೆ ಆಗಿದೆ. ಸ್ವಂತಕ್ಕೆ ಮದ್ಯ ತರಿಸಿಕೊಳ್ಳುವುದನ್ನು ಸ್ವೀಡನ್ ನಿಷೇಧಿಸಿದ್ದು ತಪ್ಪೆಂದು ಯುರೋಪಿನ ನ್ಯಾಯಾಲಯ 2007ರಲ್ಲೇ ಹೇಳಿತು. ಡೆನ್ಮಾರ್ಕ್‌ನಲ್ಲಿ ನೋಂದಾಯಿಸಿದ ಆನ್‌ಲೈನ್ ವೈನ್ ವ್ಯಾಪಾರಿ ಸ್ವೀಡನ್‌ನ ಗಿರಾಕಿಗಳಿಗೆ ಮಾರಬಹುದೆಂದು 2023ರಲ್ಲಿ ಸ್ವೀಡನ್‌ನ ಸುಪ್ರೀಂ ಕೋರ್ಟೇ ತೀರ್ಪಿತ್ತಿತು. ಎಲ್. ಓ. ಸ್ಮಿತ್‌ನ ದೋಣಿ ಈಗ ಕೊರಿಯರ್ ವ್ಯಾನಾಗಿದೆ.

ಮುಂದೇನು?

ಮದ್ಯದ ಒಟ್ಟು ಬಳಕೆಯಲ್ಲಿ ತೋಟದ ಮಾರಾಟ ಲೆಕ್ಕಕ್ಕೆ ಸಿಗದಷ್ಟು ಸಣ್ಣದಾಗಿಯೇ ಉಳಿಯಬಹುದು. ಷರತ್ತುಗಳನ್ನು ಹೆಣೆದಿರುವುದೇ ಹಾಗೆ. ನಿಜವಾದ ಪರೀಕ್ಷೆ ಎರಡು ಕಡೆ ನಡೆಯಲಿದೆ. ಒಂದು, ಪುರಸಭೆಗಳಲ್ಲಿ. ಪರವಾನಗಿ ಅವರ ಕೈಯಲ್ಲಿರುವುದರಿಂದ ಪ್ರವಾಸಿ ಪ್ರಾಂತಗಳು ಧಾರಾಳವಾಗಿ, ಉಳಿದವು ಬಿಗಿಯಾಗಿ ನಡೆದುಕೊಂಡರೆ 1855ರ ನಂತರದ ಹಾಗೆ ಊರಿಗೊಂದು ನೀತಿ ಬರುತ್ತದೆ. ಎರಡನೆಯದು ಕೋರ್ಟಿನಲ್ಲಿ. ತನಗೂ ಸ್ವೀಡನ್‌ನಲ್ಲಿ ಅಂಥದೇ ಅವಕಾಶ ಬೇಕೆಂದು ಹೊರದೇಶದ ಉತ್ಪಾದಕನೋ ಒಂದು ದೊಡ್ಡ ಅಂಗಡಿ ಸರಣಿಯೋ ದಾವೆ ಹೂಡಿದರೆ, ಸರ್ಕಾರ ಎರಡರಲ್ಲೊಂದನ್ನು ಆರಿಸಬೇಕಾಗಬಹುದು: ತೋಟದ ಬಾಗಿಲು ಮತ್ತೆ ಮುಚ್ಚುವುದು, ಇಲ್ಲವೇ ಸಿಸ್ಟಂಬೊಲಾಗೆಟ್‌ನ ಏಕಸ್ವಾಮ್ಯ ಬಿಡುವುದು. ಸ್ವೀಡನ್‌ನ ಜನರಲ್ಲಿ ಬಹುಪಾಲು ಆ ಅಂಗಡಿಯನ್ನು ಮೆಚ್ಚುವುದರಿಂದ, ಅಂಥ ಹೊತ್ತು ಬಂದರೆ ಬಲಿಯಾಗುವುದು ತೋಟವೇ. ಪ್ರಯೋಗದ ಆರು ವರ್ಷ ಮುಗಿಯುವುದು 2031ರಲ್ಲಿ. ಕಾನೂನು ಮುಂದುವರಿಸಬೇಕೇ ಎಂದು ಆಗ ಸಂಸತ್ತು ಮತ್ತೆ ಕೇಳಿಕೊಳ್ಳಬೇಕಾಗುತ್ತದೆ, ಅಷ್ಟರೊಳಗೆ ನ್ಯಾಯಾಲಯ ಉತ್ತರ ಹೇಳಿರದಿದ್ದರೆ.